ಕ್ಯಾಲಿಫೋರ್ನಿಯಾದಲ್ಲಿ ಮಗುವಿನ ಜೀವನಾಂಶ ಲೆಕ್ಕ ಹಾಕುವುದು ಹೇಗೆ?

ಬೇರೆಯಾದ ಅಪ್ಪ-ಅಮ್ಮ ಇಬ್ಬರೂ ಮಗುವನ್ನು ತಮ್ಮ ಬಳಿ ಇಟ್ಟುಕೊಳ್ಳುವ ಜಂಟಿ ಕಸ್ಟಡಿ ಅಂದರೆ, ಮಗು ಇಬ್ಬರ ಮನೆಯಲ್ಲೂ ಸರಿಸಮ ದಿನ ಇರಬೇಕು ಅಂತೇನಿಲ್ಲ. ಇಬ್ಬರ ಜೊತೆಗೂ ಸಾಕಷ್ಟು ಸಮಯ ಕಳೆಯಬೇಕು, ಅಲ್ಲಿನ ಕುಟುಂಬ ಕಾನೂನಿನ (ಫ್ಯಾಮಿಲಿ ಕೋಡ್) ಸೆಕ್ಷನ್ 3004 ಹೇಳುವುದು ಇಷ್ಟೇ. ಜೀವನಾಂಶಕ್ಕೆ ಮಾತ್ರ ಮಗು ಯಾರ ಜೊತೆ ಎಷ್ಟು ಸಮಯ ಇರುತ್ತದೆ ಅನ್ನುವ ಶೇಕಡಾ ಲೆಕ್ಕ ಬೇಕೇ ಬೇಕು. ಹಾಗಾಗಿ ಮೊದಲು ಕ್ಯಾಲೆಂಡರ್ ತೆಗೆದು, ಶಾಲೆ ರಜೆ, ಹಬ್ಬ ಎಲ್ಲ ಸೇರಿಸಿ ಮಗು ಯಾರ ಬಳಿ ಎಷ್ಟು ದಿನ ಇರುತ್ತದೆ ಅಂತ ಗುರುತು ಹಾಕಿಕೊಳ್ಳಿ. ವರ್ಷಕ್ಕೆ 73 ದಿನ ಅಂದರೆ ಶೇ. 20. ದುಡ್ಡು ಉಳಿಸಲು ಸುಮ್ನೆ ದಿನ ಜಾಸ್ತಿ ಕೇಳಬೇಡಿ, ಓಡಾಡಿ ಸುಸ್ತಾಗುವುದು ಮಗು ಅಲ್ವಾ?

ಆಮೇಲೆ ಆದಾಯ-ಖರ್ಚಿನ ವಿವರ ಕೊಡುವ ಎಫ್‌ಎಲ್-150 ಫಾರ್ಮ್ ತುಂಬಿ, ಕಳೆದ ಎರಡು ತಿಂಗಳ ಪೇ ಸ್ಲಿಪ್ ಲಗತ್ತಿಸಿ. ಇಬ್ಬರ ಆದಾಯ, ಸಮಯ ಎರಡನ್ನೂ ರಾಜ್ಯದ ಉಚಿತ ಆನ್‌ಲೈನ್ ಕ್ಯಾಲ್ಕುಲೇಟರ್‌ಗೆ ಹಾಕಿದರೆ ಅಂದಾಜು ಸಿಗುತ್ತದೆ. ಸಮಯ ಅರ್ಧರ್ಧ ಆದರೂ, ಸಂಬಳ ಜಾಸ್ತಿ ಇರುವವರು ಕೊಡಬೇಕಾಗಬಹುದು.