ಬಿಪಿ ಚೀಟಿಯ ಹಿಂದಿನ ಪುಟ: ಹಾಸನದ ಬಡ ಬೀದಿಗಳಲ್ಲಿ ನಾವು ಕೆಲಸ ಮಾಡುವ ರೀತಿ

‘ಉಪ್ಪು ಕಮ್ಮಿ ಮಾಡಿ, ದಿನಾ ಅರ್ಧ ಗಂಟೆ ನಡೀರಿ, ಟೆನ್ಷನ್ ತಗೋಬೇಡಿ’ ಎಂಬ ಮೂರು ಮಾತಿಗೆ ಯಾರ ಬಿಪಿಯೂ ಇಳಿದದ್ದನ್ನು ನಾನು ಕಂಡಿಲ್ಲ. ಬೆಳಗಾಗುವ ಮೊದಲೇ ಪೊರಕೆ ಹಿಡಿಯುವ ಪೌರಕಾರ್ಮಿಕರಿಗೆ ‘ನಡೀರಿ’ ಅನ್ನುವುದಾದರೂ ಹೇಗೆ? ಅವರ ಬಿಪಿ, ಶುಗರ್ ಬೆಳೆಯುವುದು ಕೆಲಸದ ಹೊತ್ತು, ಕೂಲಿ, ಶೌಚಾಲಯ, ನಿದ್ದೆ, ಸಂಘದ ಸಾಲದ ಕಂತು ಇವುಗಳ ನಡುವೆ. ಅದಕ್ಕೇ ಹಾಸನದ ಬಡ ಬೀದಿಗಳಲ್ಲಿ ತಪಾಸಣೆಗೆ ಹೋದಾಗ ಚೀಟಿಯ ಮುಂಬದಿಯಲ್ಲಿ ಅಳತೆ, ಹಿಂಬದಿಯಲ್ಲಿ ಆ ವ್ಯಕ್ತಿಯ ಒಂದು ದಿನವನ್ನು ಬರೆದುಕೊಳ್ಳುತ್ತೇವೆ.

ಮೊದಲು ಅಳತೆ ಸರಿಯಿರಬೇಕು. ಬಹಳ ಮನೆಗಳಲ್ಲಿ ಒರಗುವ ಕುರ್ಚಿ ಇರುವುದಿಲ್ಲ, ಹಾಗಾಗಿ ಮಡಚುವ ಕುರ್ಚಿಯನ್ನು ನಾವೇ ಒಯ್ಯುತ್ತೇವೆ. ಬೆನ್ನು ಒರಗಿರಬೇಕು, ಪಾದ ನೆಲಕ್ಕೆ ತಾಗಿರಬೇಕು, ಕಾಲ ಮೇಲೆ ಕಾಲು ಬೇಡ. ಅಕ್ಕಿ ಡಬ್ಬದ ಮೇಲೆ ಚಾದರ ಮಡಿಸಿಟ್ಟರೆ ತೋಳು ಎದೆಯ ಮಟ್ಟಕ್ಕೆ ಬರುತ್ತದೆ. 5 ನಿಮಿಷ ಸುಮ್ಮನೆ ಕೂರಿಸಿ. ಬೀಡಿ, ಹೊಗೆಸೊಪ್ಪು, ಕಾಫಿ ಆಗಿದ್ದರೆ, ಕೊಡ ಹೊತ್ತು ಬಂದಿದ್ದರೆ ಅರ್ಧ ಗಂಟೆ ಬಿಟ್ಟು ಬನ್ನಿ. ಹಾಸನದ ಚಳಿಯಲ್ಲಿ ಎಲ್ಲರೂ ಸ್ವೆಟರ್ ಹಾಕಿರುತ್ತಾರೆ. ಅದರ ಮೇಲೆಯೇ ಪಟ್ಟಿ ಕಟ್ಟುವುದು ತಪ್ಪು; ಬಿಗಿ ತೋಳನ್ನು ಮೇಲಕ್ಕೆ ಸುತ್ತಿದರೂ ಅದೇ ಒಂದು ಕಟ್ಟಾಗಿ ಅಳತೆ ಕೆಡುತ್ತದೆ. ಆ ತೋಳನ್ನು ಪೂರ್ತಿ ಹೊರಗೆ ತೆಗೆಸಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣುತ್ತದೆ, ಎರಡು ಅಳತೆಯ ಪಟ್ಟಿ ಚೀಲದಲ್ಲಿರಲಿ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ ಸರಾಸರಿ ಬರೆಯಿರಿ. 140/90 ದಾಟಿದರೆ ಇನ್ನೊಂದು ದಿನ ಮತ್ತೆ ನೋಡಬೇಕು. 180/110 ಮುಟ್ಟಿದರೆ ಅದೇ ದಿನ ವೈದ್ಯರ ಬಳಿ ಕಳಿಸಬೇಕು.

ಶುಗರ್ ನೋಡುವಾಗ ಬೆರಳನ್ನು ಸೋಪಿನಲ್ಲಿ ತೊಳೆಸುತ್ತೇವೆ. ಬಾಳೆಹಣ್ಣು, ಬೆಲ್ಲ ಮುಟ್ಟಿದ ಬೆರಳು ಸುಳ್ಳು ಹೇಳುತ್ತದೆ. ತಣ್ಣಗಿನ ಬೆರಳಲ್ಲಿ ರಕ್ತ ಬರುವುದಿಲ್ಲ. ಹಿಂಡುವ ಬದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿ. ಸ್ಪಿರಿಟ್ ಆರಿದ ಮೇಲೆಯೇ ಚುಚ್ಚಿ. ಮಳೆಗಾಲದ ತೇವಕ್ಕೆ ಸ್ಟ್ರಿಪ್ ಬೇಗ ಕೆಡುತ್ತದೆ, ಒಂದು ತೆಗೆದ ತಕ್ಷಣ ಡಬ್ಬಿಯ ಮುಚ್ಚಳ ಹಾಕಬೇಕು. ಬರಿಹೊಟ್ಟೆಯಲ್ಲಿ 126, ಊಟವಾಗಿ ಎರಡು ಗಂಟೆಗೆ 200 ಬಂದರೆ ಲ್ಯಾಬಿನಲ್ಲಿ ಖಚಿತಪಡಿಸಿಕೊಳ್ಳಬೇಕು.

ಇನ್ನು ಹಿಂದಿನ ಪುಟ. ಕೆಲಸದ ಜೀವ ಇರುವುದು ಇಲ್ಲೇ. ‘ಅಕ್ಕ, ಎಷ್ಟೊತ್ತಿಗೆ ಏಳ್ತೀರ? ಮೊದಲನೇ ತುತ್ತು ಯಾವಾಗ? ಕೆಲಸದ ಜಾಗದಲ್ಲಿ ಶೌಚಕ್ಕೆ ಹೋಗೋಕೆ ಬಿಡ್ತಾರಾ? ಕಂತು ಕಟ್ಟೋದು ಯಾವ ವಾರ? ರೇಷನ್ ಎಷ್ಟು ದಿನಕ್ಕೆ ಬರುತ್ತೆ? ಮಾತ್ರೆ ಎಲ್ಲಿಟ್ಟಿದೀರ?’ ಅಂಕಿ ಹೇಳಿ ಹೆದರಿಸುವ ಮೊದಲೇ ಇದನ್ನು ಕೇಳಬೇಕು. ಬಿಪಿ ಇದೆ ಎಂದ ಮೇಲೆ ಕೇಳಿದರೆ ಜನ ನಮಗೆ ಹಿತವಾಗುವ ಉತ್ತರ ಕೊಡುತ್ತಾರೆ.

ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳ ಪುಟ ಹೆಚ್ಚುಕಮ್ಮಿ ಹೀಗಿರುತ್ತದೆ: ನಾಲ್ಕೂವರೆಗೆ ಎದ್ದು ನೀರು ಹಿಡಿಯುವುದು, ಅಡುಗೆ, ಮಕ್ಕಳು, ವ್ಯಾನ್. ಹತ್ತಕ್ಕೆ ಟೀ ಬನ್ನು, ಮಧ್ಯಾಹ್ನ ಡಬ್ಬಿಯ ಚಿತ್ರಾನ್ನ, ಸಂಜೆವರೆಗೆ ಶೌಚಕ್ಕೆ ಒಂದೋ ಎರಡೋ ಸಲ. ಇವರಿಗೆ ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ಬರೆದರೆ ಒಂದು ವಾರವೂ ನುಂಗುವುದಿಲ್ಲ. ಮೇಲಧಿಕಾರಿಯ ಮಾತು ಕೇಳಲಾರದೆ ನೀರು ಕುಡಿಯುವುದನ್ನೂ ಬಿಡುತ್ತಾರೆ, ಉರಿಮೂತ್ರವೂ ಸೇರಿಕೊಳ್ಳುತ್ತದೆ. ಇಡೀ ದಿನ ನಿಂತು ಕೆಲಸ ಮಾಡುವವರಿಗೆ ಆಮ್ಲೋಡಿಪಿನ್ ಎಂಬ ಬಿಪಿ ಮಾತ್ರೆಯಿಂದ ಪಾದ ಊದಬಹುದು. ‘ಕಿಡ್ನಿ ಹೋಯ್ತು’ ಎಂದು ಹೆದರಿ ಮಾತ್ರೆ ಬಿಸಾಡುತ್ತಾರೆ. ಎರಡನ್ನೂ ಹಿಂದಿನ ಪುಟದಲ್ಲಿ ಬರೆದು ಕಳಿಸಿದರೆ ವೈದ್ಯರು ಬೇರೆ ಮಾತ್ರೆ ಆರಿಸುತ್ತಾರೆ. ಚೀಟಿ ಇಲ್ಲದೆ ಹೋದರೆ ಕಡತದಲ್ಲಿ ‘ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ’ ಎಂಬ ಒಂದೇ ಸಾಲು ಉಳಿಯುತ್ತದೆ. ಆ ಸಾಲು ಅನ್ಯಾಯದ್ದು.

ಪೌರಕಾರ್ಮಿಕರದ್ದು ಇನ್ನೊಂದು ಅಪಾಯ. ‘ಬೆಳಗ್ಗೆ ಒಂದು’ ಎಂದು ಹೇಳಿದ, ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯನ್ನು ಐದು ಗಂಟೆಗೇ ನುಂಗಿ ಹೊರಡುತ್ತಾರೆ, ತಿಂಡಿ ಒಂಬತ್ತಕ್ಕೆ. ನಡುವೆ ಶುಗರ್ ತೀರಾ ಇಳಿದು ಬೆವರು, ನಡುಕ, ಕಣ್ಣು ಕತ್ತಲೆ. ನೋಡುವವರು ಕುಡಿದಿದ್ದಾರೆ ಅನ್ನುತ್ತಾರೆ. ಆ ಮಾತ್ರೆ ಮೊದಲ ತಿಂಡಿಯ ಜೊತೆಗೆ ಹೋಗಬೇಕು, ಅದು ಬೀದಿಯಲ್ಲಾದರೂ ಸರಿ. ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ: ಮೂರು ಚಮಚ ನೀರಿಗೆ ಹಾಕಿ ಕುಡಿದು, 15 ನಿಮಿಷ ಕಾದು, ಆಮೇಲೆ ಏನಾದರೂ ತಿನ್ನಬೇಕು. ಗಮ್‌ಬೂಟಿನೊಳಗೆ ಬರಿಗಾಲು ಹಾಕುವವರ ಬೆರಳ ಸಂದಿಯನ್ನು ಪ್ರತಿ ಭೇಟಿಯಲ್ಲೂ ಬಿಡಿಸಿ ನೋಡುತ್ತೇವೆ. ಶುಗರಿನಿಂದ ಸ್ಪರ್ಶ ಸತ್ತ ಪಾದಕ್ಕೆ ಗಾಯ ಗೊತ್ತಾಗುವುದೇ ಇಲ್ಲ.

ಊಟದ ವಿಷಯದಲ್ಲಿ ಬುದ್ಧಿವಾದಕ್ಕಿಂತ ಲೆಕ್ಕ ಮೇಲು. ಒಂದು ಕಿಲೋ ಉಪ್ಪಿನ ಪೊಟ್ಟಣ ಒಡೆದ ದಿನಾಂಕವನ್ನು ಅದರ ಮೇಲೆಯೇ ಪೆನ್ನಿನಲ್ಲಿ ಬರೆಸುತ್ತೇವೆ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಆ ಲೆಕ್ಕಕ್ಕೆ ನಾಲ್ಕು ಜನರ ಮನೆಗೆ ಪೊಟ್ಟಣ 50 ದಿನ ಬರಬೇಕು. 25 ದಿನಕ್ಕೆ ಮುಗಿದರೆ ತಲೆಗೆ 10 ಗ್ರಾಂ ಆಯಿತು. ಬೇಕರಿ, ಬೋಂಡ, ಹಪ್ಪಳದ ಉಪ್ಪು ಇದರ ಮೇಲೆ. ಉಪ್ಪು ಯಾಕೆ ಏರುತ್ತದೆ ಅಂದರೆ, ತಿಂಗಳ ಕೊನೆಗೆ ಬೇಳೆ, ತರಕಾರಿ ಮುಗಿದು ಅನ್ನಕ್ಕೆ ನೀರುಸಾರು, ಉಪ್ಪಿನಕಾಯಿಯೇ ಗತಿ. ರಾಗಿ ಸೀಮೆಯಲ್ಲೇ ಇದ್ದೂ ಮುದ್ದೆ ರಾತ್ರಿಗೆ ಮಾತ್ರ ಉಳಿದಿದೆ, ಡಬ್ಬಿಗೆ ಹಾಕಿದರೆ ಗಟ್ಟಿಯಾಗುತ್ತದೆ. ಹಾಗಂತ ಮುದ್ದೆಯಿಂದ ಶುಗರ್ ಏರುವುದಿಲ್ಲ ಎಂದು ನಂಬಿಸಬಾರದು, ಗಾತ್ರ ನೋಡಿಯೇ ಉಣ್ಣಬೇಕು. ನಾವು ಹೇಳುವುದು ಇಷ್ಟೇ: ಅನ್ನ ಒಂದು ಸೌಟು ಇಳಿಸಿ ಆ ಜಾಗಕ್ಕೆ ಹುರುಳಿ, ಅಲಸಂದೆ ಕಾಳು, ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಸಂಜೆ ಅಂಗಡಿ ಎತ್ತುವ ಹೊತ್ತಿಗೆ ಸೊಪ್ಪು.

ತಾಯಿಯ ಊಟವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಬರೆದಿಟ್ಟ ಜನನ ತೂಕದ ದಾಖಲೆ ಹಿಡಿದು, ಅಲ್ಲಿ ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತು. ಬಸುರಿಯರ ಮನೆಗೆ ಕಾಳಿನ ಮಾತು ಮೊದಲು ಹೋಗಬೇಕಾದ್ದು ಇದಕ್ಕೇ.

2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗೆ ಹೆದರಿದ ಜನ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಸಾಲುಗಟ್ಟಿದರು. ಸರ್ಕಾರದ ಸಮಿತಿ ಸಾವುಗಳಲ್ಲಿ ಹಠಾತ್ ಏರಿಕೆ ಇಲ್ಲ ಎಂದಿತು. ಆದರೆ ಸತ್ತವರಲ್ಲಿ ಆಟೋ, ಕ್ಯಾಬ್ ಚಾಲಕರು ಕಡಿಮೆಯಿರಲಿಲ್ಲ. ಚಾಲಕರು ಮನೆಯಲ್ಲಿ ಸಿಗುವುದಿಲ್ಲ, ಸ್ಟ್ಯಾಂಡಿಗೇ ಹೋಗಬೇಕು. ಎದೆನೋವು ಅರ್ಧ ಗಂಟೆಯಲ್ಲಿ ಇಳಿಯಬಹುದು ಎಂದು ಕಾಯುವುದು ಬೇಡ, ಗ್ಯಾಸ್ ಮಾತ್ರೆಯೂ ಬೇಡ. ಹೃದಯಜ್ಯೋತಿ ಯೋಜನೆಯಡಿ ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತ ಎಂದು ಅಲ್ಲೇ ಹೇಳುತ್ತೇವೆ.

ಮರುಭೇಟಿ ತಪ್ಪುವುದು ಬಹುಪಾಲು ಕೂಲಿಯಿಂದ. ಹದಿನೈದು ದಿನದ ಮಾತ್ರೆ ಕೊಟ್ಟರೆ ತಿಂಗಳಿಗೆ ಎರಡು ದಿನದ ಕೂಲಿ ಹೋಗುತ್ತದೆ. ಸ್ಥಿರವಾಗಿರುವವರಿಗೆ 30 ದಿನದ್ದು ಕೇಳಿ ಪಡೆಯುತ್ತೇವೆ, ಮರುಭೇಟಿಯ ದಿನ ಕಂತಿನ ದಿನಕ್ಕೆ ಡಿಕ್ಕಿಯಾಗದಂತೆ ನೋಡುತ್ತೇವೆ. ರಿಜಿಸ್ಟರಿನಲ್ಲಿ ಎಷ್ಟು ಜನರನ್ನು ತಪಾಸಿಸಿದೆವು ಎಂಬ ಅಂಕಿಗಿಂತ, ಹೋದ ಮೂರು ತಿಂಗಳಲ್ಲಿ 140/90ರ ಕೆಳಗೆ ಬಂದವರು ಎಷ್ಟು ಎಂಬುದನ್ನು ಮೊದಲ ಕಲಮಿನಲ್ಲಿ ಬರೆಯುತ್ತೇವೆ. ಕೆಳಗೆ ಬಾರದೆ ಉಳಿದವರ ಚೀಟಿಗಳನ್ನು ಬೇರೆ ಕಟ್ಟಿ, ಅವರ ಹಿಂದಿನ ಪುಟಗಳನ್ನು ಒಟ್ಟಿಗೆ ಹರಡಿ ಓದಿದರೆ ಒಂದೇ ಕಾರ್ಖಾನೆ, ಒಂದೇ ನಲ್ಲಿ, ಒಂದೇ ಕಂತಿನ ದಿನ ಎದ್ದು ಕಾಣುತ್ತದೆ. ಆ ಪಟ್ಟಿ ಹಿಡಿದು ವಾರ್ಡ್ ಕಚೇರಿಗೂ ಕಾರ್ಖಾನೆಯ ಬಾಗಿಲಿಗೂ ಹೋಗುತ್ತೇವೆ.