ಹಳೇ ಟೆಲಿಫೋನ್ ಲೈನಿನ ಬ್ರಾಡ್‌ಬ್ಯಾಂಡ್ ನಿಧಾನವೇ? ವೇಗ ಎಲ್ಲಿ ಸೋರುತ್ತಿದೆ ಅಂತ ಹೀಗೆ ಹುಡುಕಿ

ನೆಟ್ ನಿಧಾನ ಆಯಿತು ಅಂದ ಕೂಡಲೇ ಹೊಸ ರೂಟರ್ ತರುವವರೇ ಜಾಸ್ತಿ. ನಾನೂ ಒಮ್ಮೆ ಹಾಗೇ ಮಾಡಿದ್ದೆ. ರೂಟರ್ ಬಂತು, ವೇಗ ಮಾತ್ರ ಇದ್ದಲ್ಲೇ ಇತ್ತು. ತೊಂದರೆ ಇದ್ದದ್ದು ಗೋಡೆಯ ಸಾಕೆಟ್‌ನಿಂದ ರೂಟರಿಗೆ ಬರುವ ತಂತಿಯಲ್ಲಿ. ಅದಕ್ಕೇ ಹೇಳುತ್ತಿದ್ದೇನೆ, ದುಡ್ಡು ಬಿಚ್ಚುವ ಮುಂಚೆ ವೇಗ ಎಲ್ಲಿ ಸೋರುತ್ತಿದೆ ಅಂತ ಪತ್ತೆ ಮಾಡಿ. ಟೆಲಿಫೋನಿನ ತಾಮ್ರದ ತಂತಿಯ ಮೇಲೆ ಬರುವ ಕನೆಕ್ಷನ್, ಅಂದರೆ ಎಡಿಎಸ್‌ಎಲ್ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೊರಗಿನ ಲೈನ್, ಮನೆಯೊಳಗಿನ ಫೋನ್ ವೈರಿಂಗ್, ವೈ-ಫೈ: ಬಹುತೇಕ ಸಲ ತೊಂದರೆ ಈ ಮೂರರಲ್ಲಿ ಒಂದು ಕಡೆ ಇರುತ್ತದೆ.

ಮೊದಲು ವೈ-ಫೈಯನ್ನು ಲೆಕ್ಕದಿಂದ ತೆಗೆದುಬಿಡಿ. ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ನೇರವಾಗಿ ರೂಟರಿಗೆ ಜೋಡಿಸಿ, ಮನೆಯಲ್ಲಿ ಬೇರೆ ಯಾರೂ ನೆಟ್ ಬಳಸದ ಹೊತ್ತಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿ. ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಎರಡು ಮೂರು ದಿನ. ಬಂದ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದಿಡಿ. ಒಂದು ವಿಷಯ ನೆನಪಿರಲಿ: ಪ್ಲಾನಿನಲ್ಲಿ ಹೇಳುವುದು ಮೆಗಾಬಿಟ್, ಡೌನ್‌ಲೋಡ್ ಆಗುವಾಗ ಕಂಪ್ಯೂಟರ್ ತೋರಿಸುವುದು ಸಾಮಾನ್ಯವಾಗಿ ಮೆಗಾಬೈಟ್. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 8 ಎಂಬಿಪಿಎಸ್ (ಸೆಕೆಂಡಿಗೆ 8 ಮೆಗಾಬಿಟ್) ಲೈನಿನಲ್ಲಿ ಸೆಕೆಂಡಿಗೆ 1 ಮೆಗಾಬೈಟಿಗಿಂತ ಸ್ವಲ್ಪ ಕಡಿಮೆ ಬಂದರೆ ಅದು ತೊಂದರೆಯೇ ಅಲ್ಲ.

ಇನ್ನು ರೂಟರಿನ ಒಳಗೆ ಇಣುಕಿ ನೋಡಬೇಕು. ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು, ಆದರೆ ಅರ್ಧ ಉತ್ತರ ಇಲ್ಲೇ ಇರುತ್ತದೆ. ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಅಂತ ಹೊಡೆಯಿರಿ. ಸರಿಯಾದ ವಿಳಾಸ, ಪಾಸ್‌ವರ್ಡ್ ಸಾಮಾನ್ಯವಾಗಿ ರೂಟರಿನ ತಳಭಾಗದ ಚೀಟಿಯಲ್ಲಿ ಇರುತ್ತವೆ. ಒಳಗೆ ಡಿಎಸ್‌ಎಲ್ ಸ್ಟೇಟಸ್ ಅನ್ನುವ ಪುಟ ಹುಡುಕಿ. ಅಲ್ಲಿ ಸಂಖ್ಯೆಗಳ ರಾಶಿಯೇ ಇದ್ದರೂ ಗಾಬರಿ ಬೇಡ, ನಮಗೆ ಬೇಕಾದ್ದು ನಾಲ್ಕೇ.

ಒಂದು, ಲೈನ್ ರೇಟ್. ನಿಮ್ಮ ರೂಟರ್ ಮತ್ತು ಲೈನಿನ ಆ ತುದಿಯಲ್ಲಿರುವ ಟೆಲಿಫೋನ್ ಎಕ್ಸ್‌ಚೇಂಜ್ ಎರಡೂ ಒಪ್ಪಿಕೊಂಡಿರುವ ವೇಗ ಇದು. ಡೌನ್‌ಲೋಡ್ ಇದನ್ನು ಮೀರುವುದಿಲ್ಲ. ಎಡಿಎಸ್‌ಎಲ್‌ನಲ್ಲಿ ಡೇಟಾ 53 ಬೈಟಿನ ಪುಟ್ಟ ಪೊಟ್ಟಣಗಳಲ್ಲಿ ಸಾಗುತ್ತದೆ, ಅದರಲ್ಲಿ 5 ಬೈಟ್ ಬರೀ ವಿಳಾಸಕ್ಕೇ ಹೋಗುತ್ತದೆ, ಅದರ ಮೇಲೆ ಇನ್ನೂ ಕೆಲವು ಸಣ್ಣಪುಟ್ಟ ಕಡಿತಗಳಿವೆ. ಹಾಗಾಗಿ ಲೈನ್ ರೇಟ್ 8 ಇದ್ದರೆ ಕೈಗೆ ಸಿಗುವುದು 7ರ ಆಸುಪಾಸು. ಸ್ಪೀಡ್ ಟೆಸ್ಟ್ ಅಷ್ಟು ತೋರಿಸಿದರೆ ನಿಮ್ಮ ಲೈನ್ ತನ್ನ ಪೂರ್ತಿ ಕೆಲಸ ಮಾಡುತ್ತಿದೆ ಅಂತ ಅರ್ಥ. ಲೈನ್ ರೇಟ್ ಹಗಲೂ ರಾತ್ರಿ ಒಂದೇ ಇದ್ದು, ರಾತ್ರಿ ಮಾತ್ರ ಸ್ಪೀಡ್ ಟೆಸ್ಟ್ ಬಿದ್ದುಹೋಗುತ್ತಿದ್ದರೆ ಕಂಪನಿಯ ಕಡೆ ದಟ್ಟಣೆ ಇರುವ ಸಾಧ್ಯತೆಯೇ ಹೆಚ್ಚು, ನಿಮ್ಮ ತಂತಿಯದಲ್ಲ.

ಎರಡು, ಲೈನ್ ಅಟೆನ್ಯುಯೇಷನ್. ಎಕ್ಸ್‌ಚೇಂಜ್‌ನಿಂದ ನಿಮ್ಮ ಮನೆಗೆ ಬರುವಷ್ಟರಲ್ಲಿ ಸಿಗ್ನಲ್ ಎಷ್ಟು ಸವೆದಿದೆ ಅನ್ನುವ ಲೆಕ್ಕ, ಡೆಸಿಬಲ್‌ನಲ್ಲಿ. ತಂತಿ ಉದ್ದವಾದಷ್ಟೂ ಇದು ಜಾಸ್ತಿ. 20ರ ಒಳಗಿದ್ದರೆ ಬಹಳ ಒಳ್ಳೆಯದು, 40ರ ಹತ್ತಿರ ಸಾಧಾರಣ, 60 ದಾಟಿದರೆ ಒಂದೆರಡು ಎಂಬಿಪಿಎಸ್ ಸಿಕ್ಕರೆ ಅದೇ ದೊಡ್ಡದು. ಎಡಿಎಸ್‌ಎಲ್‌ನ ಸುಧಾರಿತ ರೂಪವಾದ ಎಡಿಎಸ್‌ಎಲ್2+ ಅಂದರೆ 24 ಎಂಬಿಪಿಎಸ್ ಅನ್ನುತ್ತಾರಲ್ಲ, ಅದು ಎಕ್ಸ್‌ಚೇಂಜ್ ಪಕ್ಕದಲ್ಲೇ ಇರುವವರ ಮಾತು.

ಮೂರು, ಎಸ್‌ಎನ್‌ಆರ್ ಮಾರ್ಜಿನ್. ಗದ್ದಲದ ನಡುವೆ ಸಿಗ್ನಲ್‌ಗೆ ಉಳಿದಿರುವ ಉಸಿರು ಅಂದುಕೊಳ್ಳಿ. ಸಾಮಾನ್ಯವಾಗಿ ಲೈನನ್ನು 6 ಡೆಸಿಬಲ್‌ಗೆ ಹೊಂದಿಸಿರುತ್ತಾರೆ. ಅದು 2, 3ಕ್ಕೆ ಇಳಿಯಿತೆಂದರೆ ಕನೆಕ್ಷನ್ ಪದೇ ಪದೇ ಕಡಿಯುತ್ತದೆ. ನಾಲ್ಕನೆಯದು ಸಿಆರ್‌ಸಿ ದೋಷಗಳು, ಅಂದರೆ ದಾರಿಯಲ್ಲಿ ಕೆಟ್ಟು ಬಂದ ಡೇಟಾದ ಎಣಿಕೆ. ಒಮ್ಮೆ ನೋಡಿ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಸಾವಿರಗಟ್ಟಲೆ ಏರಿದ್ದರೆ ಎಲ್ಲೋ ತಂತಿ ಸರಿ ಇಲ್ಲ.

ಈಗ ಮನೆಯ ವೈರಿಂಗ್. ನನ್ನ ಅನುಭವದಲ್ಲಿ ಹಳೇ ಕನೆಕ್ಷನ್‌ಗಳ ತೊಂದರೆ ಬಹಳ ಸಲ ಸಿಗುವುದು ಇಲ್ಲೇ. ಹೊರಗಿನ ಲೈನ್ ಮನೆಗೆ ಬರುವ ಮೊದಲ ಸಾಕೆಟ್ ಇದೆಯಲ್ಲ, ರೂಟರನ್ನು ಅಲ್ಲಿಗೇ ಒಯ್ದು ಸಣ್ಣ ತಂತಿಯಲ್ಲಿ ನೇರವಾಗಿ ಜೋಡಿಸಿ. ಉಳಿದ ಫೋನು, ಎಕ್ಸ್‌ಟೆನ್ಷನ್ ಎಲ್ಲವನ್ನೂ ಕಳಚಿ. ಐದು ನಿಮಿಷ ಬಿಟ್ಟು ಅದೇ ನಾಲ್ಕು ಸಂಖ್ಯೆ ನೋಡಿ. ಲೈನ್ ರೇಟ್ ಏರಿದರೆ ತೊಂದರೆ ಮನೆಯೊಳಗೇ ಇದೆ. ಆಮೇಲೆ ಒಂದೊಂದನ್ನೇ ವಾಪಸ್ ಜೋಡಿಸುತ್ತಾ ಹೋಗಿ, ಯಾವುದನ್ನು ಹಾಕಿದಾಗ ಸಂಖ್ಯೆ ಬೀಳುತ್ತದೋ ಅದೇ ತೊಂದರೆಯ ಮೂಲ.

ನನ್ನ ವಿಷಯದಲ್ಲಿ ಆದದ್ದು ಹೀಗೆ. ತಂತಿ ಬಾಗಿಲ ಸಂದಿಯಲ್ಲಿ ಹಾದುಹೋಗಿತ್ತು, ಬಾಗಿಲು ಹಾಕಿ ತೆಗೆದು ಅದು ಚಪ್ಪಟೆಯಾಗಿತ್ತು. ತುದಿಯ ಆರ್‌ಜೆ 11 ಪ್ಲಗ್ ಕಿತ್ತು ಬೆಳಕಿಗೆ ಹಿಡಿದರೆ, ನಡುವಿನ ಎರಡು ಚಿನ್ನದ ಬಣ್ಣದ ಪಿನ್‌ಗಳಲ್ಲಿ ಒಂದರ ಮೇಲೆ ಹಸಿರು ಪುಡಿ ಕಟ್ಟಿತ್ತು. ಸ್ಟೇಟಸ್ ಪುಟ ತೆರೆದಿಟ್ಟುಕೊಂಡು ತಂತಿಯನ್ನು ಮೆಲ್ಲಗೆ ಅಲ್ಲಾಡಿಸಿದೆ. ಮಾರ್ಜಿನ್ 9 ಇದ್ದದ್ದು 3ಕ್ಕೆ ಬಿತ್ತು, ಬಿಟ್ಟರೆ ಮತ್ತೆ ಏರಿತು. ಚಪ್ಪಟೆ ತಂತಿ ಬಿಸಾಕಿ, ಒಳಗೆ ಎಳೆಗಳನ್ನು ಹೆಣೆದಿರುವ ಎರಡು ಮೀಟರಿನ ಕೇಬಲ್ ಹಾಕಿದೆ, ಅಷ್ಟೇ, ಸರಿಹೋಯಿತು.

ಫಿಲ್ಟರ್ ಮರೆಯಬೇಡಿ. ಮಾತು ಸಾಗುವುದು 4 ಕಿಲೋಹರ್ಟ್ಜ್‌ಗಿಂತ ಕೆಳಗೆ, ಡೇಟಾ ಶುರುವಾಗುವುದು ಸುಮಾರು 25ರಿಂದ ಮೇಲೆ. ಎರಡನ್ನೂ ಬೇರೆ ಮಾಡುವುದು ಆ ಪುಟ್ಟ ಡಬ್ಬಿ. ಒಂದೇ ಒಂದು ಫೋನಿಗೆ ಅದು ಇಲ್ಲದಿದ್ದರೂ ಇಡೀ ಲೈನಿಗೆ ಪೆಟ್ಟು. ಯಾರೂ ಬಳಸದ ಎಕ್ಸ್‌ಟೆನ್ಷನ್ ತಂತಿ ಗೋಡೆಗೆ ಸುಮ್ನೆ ಅಂಟಿಕೊಂಡಿದ್ದರೂ ತೊಂದರೆಯೇ, ಸಿಗ್ನಲ್ ಅದರ ತುದಿಗೆ ಹೋಗಿ ತಿರುಗಿ ಬಂದು ಅಸಲಿ ಸಿಗ್ನಲನ್ನು ಕೆಡಿಸುತ್ತದೆ. ಅಂಥದನ್ನು ಕಿತ್ತುಹಾಕಿ.

ತಂತಿ ಎಲ್ಲ ಸರಿ ಇದ್ದೂ ಮಾರ್ಜಿನ್ ಆಗಾಗ ಬೀಳುತ್ತಿದ್ದರೆ, ಮೀಡಿಯಂ ವೇವ್ ಇರುವ ಹಳೇ ರೇಡಿಯೋ ಹುಡುಕಿ ತನ್ನಿ. ಎಡಿಎಸ್‌ಎಲ್ ಬಳಸುವ ಪಟ್ಟಿ ಮೀಡಿಯಂ ವೇವ್ ಪಟ್ಟಿಯ ಮೇಲೇ ಹಾದುಹೋಗುತ್ತದೆ. ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ, ರೂಟರಿನ ಅಡಾಪ್ಟರ್, ಚಾರ್ಜರ್‌ಗಳು, ಎಲ್‌ಇಡಿ ಬಲ್ಬ್, ಡಿಮ್ಮರ್ ಹತ್ತಿರ ಹಿಡಿಯಿರಿ. ಎಲ್ಲಿ ಗುಂಯ್ ಅನ್ನುವ ಸದ್ದು ಜೋರಾಗುತ್ತದೋ ಆ ವಸ್ತುವನ್ನು ಆಫ್ ಮಾಡಿ ಮಾರ್ಜಿನ್ ನೋಡಿ. ವರ್ಷಗಟ್ಟಲೆ ಓಡಿದ ಅಡಾಪ್ಟರಿನಲ್ಲಿ ಕೆಪಾಸಿಟರ್ ಸತ್ವ ಕಳೆದುಕೊಂಡಿರುತ್ತದೆ, ಅದನ್ನೂ ಅನುಮಾನಿಸಿ.

ರೂಟರನ್ನು ದಿನಕ್ಕೆ ಹತ್ತು ಸಲ ಆಫ್ ಆನ್ ಮಾಡಬೇಡಿ. ಎಕ್ಸ್‌ಚೇಂಜ್ ಕಡೆ ಲೈನನ್ನು ತಾನೇ ನಿಭಾಯಿಸುವ ವ್ಯವಸ್ಥೆ ಇದ್ದರೆ, ಲೈನ್ ನಿಲ್ಲುತ್ತಿಲ್ಲ ಅಂತ ಅಂದುಕೊಂಡು ಅದು ವೇಗವನ್ನು ಇನ್ನೂ ಇಳಿಸಿಬಿಡುತ್ತದೆ. ರಿಪೇರಿ ಆದ ಮೇಲೂ ಕೆಲವು ದಿನ ಹಾಗೇ ಬಿಡಿ.

ಕೇಬಲ್‌ನಲ್ಲಿ ಚೆನ್ನಾಗಿದ್ದು ವೈ-ಫೈಯಲ್ಲಿ ಮಾತ್ರ ನಿಧಾನ ಇದ್ದರೆ ಕೆಲಸ ಸುಲಭ. ರೂಟರನ್ನು ಮೂಲೆಯಿಂದ, ಬೀರುವಿನ ಹಿಂದಿನಿಂದ ತೆಗೆದು ಎತ್ತರದಲ್ಲಿಡಿ. 2.4 ಗಿಗಾಹರ್ಟ್ಜ್‌ನಲ್ಲಿ ಚಾನೆಲ್ 1, 6, 11ರಲ್ಲಿ ಖಾಲಿ ಇರುವುದನ್ನು ಆರಿಸಿ, ಹತ್ತಿರ ಕೂರುವವರು 5 ಗಿಗಾಹರ್ಟ್ಜ್ ಬಳಸಿ. ಡಿಎನ್‌ಎಸ್ (ವೆಬ್‌ಸೈಟಿನ ಹೆಸರಿಗೆ ಅದರ ಅಂಕಿ-ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿದರೆ ಪುಟ ತೆರೆಯಲು ಶುರುವಾಗುವುದು ಒಂಚೂರು ಬೇಗ ಆಗಬಹುದು, ಡೌನ್‌ಲೋಡ್ ವೇಗ ಅದರಿಂದ ಏರುವುದಿಲ್ಲ.

ಅಪ್‌ಲೋಡ್ ಕಡೆಯೂ ಒಮ್ಮೆ ನೋಡಿ. ಎಡಿಎಸ್‌ಎಲ್‌ನಲ್ಲಿ ಅದು ಸಾಮಾನ್ಯವಾಗಿ 1 ಎಂಬಿಪಿಎಸ್ ಆಸುಪಾಸು. ಯಾರದೋ ಮೊಬೈಲ್ ಫೋಟೋಗಳನ್ನೆಲ್ಲ ಬ್ಯಾಕಪ್ ಮಾಡುತ್ತಾ ಅದನ್ನು ತುಂಬಿಬಿಟ್ಟರೆ ಡೌನ್‌ಲೋಡೂ ಕುಂಟುತ್ತದೆ, ಯಾಕೆಂದರೆ ಬಂದ ಡೇಟಾ ತಲುಪಿತು ಅಂತ ಹೇಳುವ ಉತ್ತರಗಳೂ ಅದೇ ಇಕ್ಕಟ್ಟಿನ ದಾರಿಯಲ್ಲಿ ಹೋಗಬೇಕು ಅಲ್ವಾ. ಬ್ಯಾಕಪ್ಪನ್ನು ರಾತ್ರಿ ಮಲಗಿದ ಮೇಲಿನ ಹೊತ್ತಿಗೆ ಹಾಕಿ.

ಇಷ್ಟೆಲ್ಲ ಮಾಡಿಯೂ ಮೊದಲ ಸಾಕೆಟ್‌ನಲ್ಲೇ ಸಂಖ್ಯೆ ಕೆಟ್ಟದಾಗಿದ್ದರೆ ಫೋನ್ ಎತ್ತಿ, ಒಂದು ಅಂಕಿ ಒತ್ತಿ ಡಯಲ್ ಟೋನ್ ನಿಲ್ಲಿಸಿ, ಕಿವಿಗೊಟ್ಟು ಕೇಳಿ. ಕರಕರ ಸದ್ದು ಬಂದರೆ ಹೊರಗಿನ ಜಾಯಿಂಟ್ ಕೆಟ್ಟಿರಬಹುದು. ಮಳೆ ಬಂದಾಗ ಜಾಸ್ತಿ ಆದರೆ ಜಾಯಿಂಟಿಗೆ ನೀರು ಇಳಿಯುತ್ತಿದೆ. ದೂರು ಕೊಡುವಾಗ ನೆಟ್ ಸ್ಲೋ ಅಂತ ಮಾತ್ರ ಹೇಳಬೇಡಿ, ಲೈನಿನಲ್ಲಿ ಸದ್ದು ಬರುತ್ತಿದೆ ಅಂತಲೂ ಹೇಳಿ, ಬರೆದಿಟ್ಟ ಸಂಖ್ಯೆಗಳನ್ನೂ ಕೊಡಿ. ಲೈನ್‌ಮನ್ ಬಂದು ಕೆಲಸ ಮುಗಿಸಿದಾಗ, ಅವರು ಹೊರಡುವ ಮುಂಚೆಯೇ ಸ್ಟೇಟಸ್ ಪುಟ ತೆರೆದು ಹಳೇ ಹಾಳೆಯ ಪಕ್ಕದಲ್ಲಿಟ್ಟು ಒಟ್ಟಿಗೇ ನೋಡಿ.