ಹಳೆಯ ಫಿಯೆಟ್‌ನ ಬಣ್ಣ ಉಳಿಸಿಕೊಂಡ ಅನುಭವ

ಹೊಸ ಬಣ್ಣ ಹೊಡೆಸಿದರೆ ಹಳೆಯ ಕಾರಿನ ಬೆಲೆ ಏರುತ್ತದೆ ಎಂಬ ನಂಬಿಕೆ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಗಟ್ಟಿಯಾಗಿದೆ. ನನ್ನ 1970ರ ಫಿಯೆಟ್ 1100 ಡಿಲೈಟ್ ಗದಗದಿಂದ ಧಾರವಾಡಕ್ಕೆ ಬಂದಾಗ ಪೇಂಟರ್ ಕೂಡ ಅದನ್ನೇ ಹೇಳಿದರು: "ಸರ್, ಪೂರಾ ಹೊಡೆದುಬಿಡೋಣ, ತೇಪೆ ಹಾಕುವುದಕ್ಕಿಂತ ಅದೇ ಸುಲಭ." ನಾನು ಒಪ್ಪಲಿಲ್ಲ. ಇಲ್ಲಿ ಫಿಯೆಟ್ ತಯಾರಿಸುತ್ತಿದ್ದ ಮುಂಬೈನ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಹೊಡೆದ ಬಣ್ಣ ಒಮ್ಮೆ ಕೆರೆದರೆ ಮತ್ತೆ ಬರುವುದಿಲ್ಲ.

ಅದು ಮೂಲ ಬಣ್ಣವೇ ಎಂದು ಮೊದಲು ಖಚಿತಪಡಿಸಿಕೊಂಡೆ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಡಿಯ ಉದ್ದಕ್ಕೂ ಆಡಿಸಿದೆ. ತಗ್ಗು ತುಂಬಲು ಮೆತ್ತುವ ಪುಟ್ಟಿ ದಪ್ಪವಿದ್ದಲ್ಲಿ ಅದು ಕಚ್ಚುವುದಿಲ್ಲ. ಹಿಂದಿನ ಮಡ್‌ಗಾರ್ಡ್‌ನಲ್ಲಿ ಅಂಗೈಯಗಲ ಜಾಗ ಬಿಟ್ಟು ಎಲ್ಲ ಕಡೆ ಹಿಡಿಯಿತು. ಗಾಜಿನ ರಬ್ಬರ್ ಮೇಲಾಗಲಿ, ಬಾಗಿಲ ಕೀಲುಗಳ ಮೇಲಾಗಲಿ ಸ್ಪ್ರೇ ತುಂತುರು ಇರಲಿಲ್ಲ. ಸೀಟಿನ ಕೆಳಗೆ, ಡಿಕ್ಕಿಯ ಒಳಗೆ ಬಿಸಿಲು ಕಾಣದ ಅದೇ ಬಣ್ಣ ಸಿಕ್ಕಿತು.

ಆ ಕಾಲದ ಬಣ್ಣದ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವನ್ನು ಕಾಯುವ ಪಾರದರ್ಶಕ ಪದರ, ಇರುವುದಿಲ್ಲ. ಹೊಳಪು ತರುವ ಕಾಂಪೌಂಡ್ ಪೇಸ್ಟ್ ಹಚ್ಚಿ ಉಜ್ಜಿದರೆ ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತದೆ, ಅಂದರೆ ಪ್ರತಿ ಸಲವೂ ಒಂದಿಷ್ಟು ಬಣ್ಣ ಹೋಗುತ್ತದೆ. ಆದ್ದರಿಂದ ಮೆಷಿನ್ ಮುಟ್ಟಿಸದೆ, ಬಣ್ಣ ತೆಳುವಾಗಿರುವ ಏಣುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಕೈಯಿಂದಲೇ ಉಜ್ಜಿದೆ. ಬಾನೆಟ್ ಮೇಲೆ ಪುಡಿ ಏಳುತ್ತಿದ್ದ ಮಾಸಲು ಪದರ ಹೋಗಿ ಒಳಗಿನ ಕಾಂತಿ ಎದ್ದು ಬಂತು. ಅದನ್ನು ನೋಡಿ ನನಗಾದ ಸಂತೋಷ ಯಾವ ಹೊಸ ಬಣ್ಣದಿಂದಲೂ ಆಗುತ್ತಿರಲಿಲ್ಲ.

ತುಕ್ಕಿನ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಪಟ್ಟಿ ಒಂದು ಬದಿಯಲ್ಲಿ ತಿಂದುಹೋಗಿತ್ತು. ಅಲ್ಲಿ ಪುಟ್ಟಿ ಮೆತ್ತಿಸದೆ, ಕೊಳೆತ ತಗಡು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಸಿದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಪ್ರೈಮರ್ ತೇವ ಹೀರುತ್ತದೆ. ಹಾಗಾಗಿ ಬಣ್ಣದ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಂಡೆ. ಶೇಡ್ ಹೊಂದಿಸಿದ್ದು ಉಜ್ಜಿ ಮುಗಿಸಿದ ಬಾಗಿಲಿಗೆ. ಸೀಟಿನ ಕೆಳಗಿನ ಬಣ್ಣಕ್ಕೆ ಹೊಂದಿಸಿದ್ದರೆ ತೇಪೆ ಕಪ್ಪಾಗಿ ಎದ್ದು ಕಾಣುತ್ತಿತ್ತು. ಪ್ರತಿ ಹಂತದ ಫೋಟೊ ಇಟ್ಟುಕೊಂಡಿದ್ದೇನೆ.

ಪೂರ್ತಿ ಬಣ್ಣವೇ ಸರಿ ಎನ್ನುವ ಕಾರುಗಳೂ ಇವೆ. ಹಾವೇರಿಯ ಗೆಳೆಯರೊಬ್ಬರ ಅಂಬಾಸಡರ್‌ಗೆ ಹಿಂದೆ ಯಾರೋ ಹೊಡೆಸಿದ್ದ ಬಣ್ಣ ಸಿಪ್ಪೆ ಏಳುತ್ತಿತ್ತು. ಕಳೆದುಕೊಳ್ಳಲು ಮೂಲ ಬಣ್ಣ ಉಳಿದೇ ಇರಲಿಲ್ಲ. ತಗಡಿನವರೆಗೂ ತೆಗೆಸಿ, ಆರ್‌ಸಿಯಲ್ಲಿದ್ದ ಬಣ್ಣವನ್ನೇ ಹೊಡೆಸಿದರು. ಬೆಲೆ ಖಂಡಿತ ಏರಿತು. ಅದೇ ಕಾರಿಗೆ ಮೆಟಾಲಿಕ್ ಕೆಂಪು ಹೊಡೆಸಿದ್ದರೆ ಆರ್‌ಸಿ ತಿದ್ದಿಸುವ ಓಡಾಟದ ಜೊತೆಗೆ, ಒಳಗೆ ಏನು ಮುಚ್ಚಿಟ್ಟಿದ್ದಾರೆ ಎಂಬ ಅನುಮಾನವೂ ಗಂಟುಬೀಳುತ್ತಿತ್ತು.

2021ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನಗಳಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಆ ಸಂಖ್ಯೆ ಪಡೆದರೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಾನಿನ್ನೂ ಅರ್ಜಿ ಹಾಕಿಲ್ಲ. ಕಳೆದ ಚಳಿಗಾಲದಲ್ಲಿ ಬೆಳಗಾವಿಯಿಂದ ಬಂದ ಸಂಗ್ರಾಹಕರೊಬ್ಬರು ಕಾರಿನ ಕೆಳಗೆ ಮಲಗಿ ಪಟ್ಟಿಯನ್ನು ತಟ್ಟಿ ನೋಡಿದರು, ಫೋಟೊಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಹುಬ್ಬಳ್ಳಿಯಲ್ಲಿ ಮಿರಮಿರ ಮಿಂಚುವ ಫಿಯೆಟ್‌ಗಳಿಗೆ ಕೇಳುವುದಕ್ಕಿಂತ ಹೆಚ್ಚಿನ ಬೆಲೆ ಹೇಳಿದರು. ನಾನು ಮಾರಲಿಲ್ಲ.